‘ಶಲ್ ವಿ ಡ್ಯಾನ್ಸ್?’ ನೋಡಿ, ಮನೆಯ ಟೈಲ್ಸ್ ಮೇಲೆ ವಾಲ್ಟ್ಸ್ ಶುರು ಮಾಡುವುದು ಹೇಗೆ

ಮೊದಲು ಸಿನಿಮಾ ನೋಡಿ. ಜಪಾನಿನದ್ದು, 1996ರಲ್ಲಿ ಬಂದದ್ದು, ನಿರ್ದೇಶಕ ಮಸಾಯುಕಿ ಸುವೊ. ಇದೇ ಹೆಸರಿನಲ್ಲಿ 2004ರಲ್ಲಿ ಹಾಲಿವುಡ್‌ನವರೂ ಒಂದು ಮಾಡಿದ್ದಾರೆ, ರಿಚರ್ಡ್ ಗೇರ್ ಮತ್ತು ಜೆನ್ನಿಫರ್ ಲೋಪೆಜ್ ಇರುವುದು. ಅದನ್ನು ಆಮೇಲೆ ನೋಡಿದರಾಯಿತು. ಜಪಾನಿನದರಲ್ಲೂ ಎರಡು ಪ್ರತಿ ಇವೆ. ಅಲ್ಲಿ ಬಿಡುಗಡೆಯಾದದ್ದು 136 ನಿಮಿಷದ್ದು, ಅಮೆರಿಕಕ್ಕೆ ಹೋಗುವಾಗ ಕತ್ತರಿ ಹಾಕಿ ಸುಮಾರು ಎರಡು ಗಂಟೆಗೆ ಇಳಿಸಿದರು. ಸಿಕ್ಕರೆ ಉದ್ದದ್ದನ್ನೇ ನೋಡಿ. ಈ ಸಿನಿಮಾದ ಜೀವ ಇರುವುದೇ ಅದರ ನಿಧಾನದಲ್ಲಿ.

ವಾಲ್ಟ್ಸ್ ಅಂದರೆ ಮೂರರ ಎಣಿಕೆಗೆ ಜೋಡಿಯಾಗಿ ಕುಣಿಯುವ ಡ್ಯಾನ್ಸ್. ಅದನ್ನು ಕಲಿಯೋಕೆ ಸಿನಿಮಾ ಯಾಕೆ, ವಿಡಿಯೋ ಪಾಠ ಬೇಕಾದಷ್ಟು ಇವೆಯಲ್ಲ ಅಂತ ಕೇಳಬಹುದು. ಇವೆ, ನಾನೂ ನೋಡಿದ್ದೇನೆ. ಆದರೆ ಅಲ್ಲಿ ಹೇಳಿಕೊಡುವವರಿಗೆ ಎಲ್ಲ ಬರುತ್ತದೆ. ಈ ಸಿನಿಮಾದ ನಾಯಕನಿಗೆ ಏನೂ ಬರುವುದಿಲ್ಲ. ಬಾರದವನು ಹೇಗೆ ನಿಲ್ಲುತ್ತಾನೆ, ಕೈ ಎಲ್ಲಿ ಇಡಬೇಕು ಅಂತ ತಿಳಿಯದೆ ಹೇಗೆ ಒದ್ದಾಡುತ್ತಾನೆ, ಆಮೇಲೆ ಒಂದು ದಿನ ಕಾಲು ತಾನಾಗಿ ಹೇಗೆ ಎಣಿಕೆ ಹಿಡಿಯುತ್ತದೆ, ಇದನ್ನೆಲ್ಲ ಇಷ್ಟು ಪ್ರೀತಿಯಿಂದ ತೋರಿಸಿದ ಇನ್ನೊಂದು ಸಿನಿಮಾ ನಾನು ನೋಡಿಲ್ಲ. ನಲವತ್ತು ದಾಟಿದ ಮೇಲೆ ಹೊಸದು ಕಲಿಯಲು ಹೊರಟವರಿಗೆ ಬೇಕಾಗಿರುವುದು ಅದೇ ಅಲ್ವಾ?

ಕತೆ ಸ್ವಲ್ಪ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ. ಸುಗಿಯಾಮ ಅಂತ ಒಬ್ಬ, ಕಂಪನಿಯೊಂದರ ಅಕೌಂಟ್ಸ್ ವಿಭಾಗದಲ್ಲಿ ಕೆಲಸ. ಹೆಂಡತಿ, ಒಬ್ಬಳು ಮಗಳು, ಊರಾಚೆ ಸಾಲ ಮಾಡಿ ಕೊಂಡ ಮನೆ. ಎಲ್ಲ ಸರಿಯಾಗಿಯೇ ಇದೆ, ಆದರೆ ಒಳಗೆ ಏನೋ ಬತ್ತಿ ಹೋಗಿದೆ. ದಿನಾ ರೈಲಿನಲ್ಲಿ ಮನೆಗೆ ಬರುವಾಗ ಒಂದು ಡ್ಯಾನ್ಸ್ ಶಾಲೆಯ ಕಿಟಕಿಯಲ್ಲಿ ಒಬ್ಬ ಹೆಂಗಸು ನಿಂತು ಹೊರಗೆ ನೋಡುತ್ತಿರುವುದು ಕಾಣುತ್ತದೆ. ಅವಳ ಮುಖದಲ್ಲೂ ಅದೇ ಬೇಸರ. ಒಂದು ದಿನ ಅವನು ಆ ಸ್ಟೇಷನ್ನಿನಲ್ಲಿ ಇಳಿದೇ ಬಿಡುತ್ತಾನೆ. ಕೋಜಿ ಯಾಕುಶೊ ಈ ಪಾತ್ರ ಮಾಡಿರುವುದು ನೋಡಿ, ಹೆಚ್ಚು ಮಾತೇ ಇಲ್ಲ, ಬೆನ್ನು ಮತ್ತು ಭುಜದಲ್ಲೇ ಎಲ್ಲ ಹೇಳಿಬಿಡುತ್ತಾರೆ. ಕಿಟಕಿಯ ಹೆಂಗಸು ಮಾಯಿ, ಅಲ್ಲಿನ ಟೀಚರ್. ಆ ಪಾತ್ರದ ತಮಿಯೊ ಕುಸಕಾರಿ ನಿಜ ಜೀವನದಲ್ಲಿ ಬ್ಯಾಲೆ ಕಲಾವಿದೆಯಾಗಿದ್ದವರು, ಇದೇ ಅವರ ಮೊದಲ ಸಿನಿಮಾ. ಅದಕ್ಕೇ ಅವರು ಸುಮ್ನೆ ನಿಂತಿದ್ದರೂ ಕತ್ತು, ಬೆನ್ನು ನೋಡುವಂತಿರುತ್ತವೆ. ನಿಲ್ಲುವುದು ಹೇಗೆ ಅನ್ನುವ ಮೊದಲ ಪಾಠ ಅಲ್ಲೇ ಸಿಕ್ಕಿತು ನನಗೆ.

ಅವನು ಡ್ಯಾನ್ಸ್ ಕಲಿಯುವುದನ್ನು ಮನೆಯಲ್ಲೂ ಆಫೀಸಿನಲ್ಲೂ ಯಾಕೆ ಮುಚ್ಚಿಡುತ್ತಾನೆ ಅಂತ ಗೊತ್ತಿದ್ದರೆ ಸಿನಿಮಾ ಇನ್ನೂ ಚೆನ್ನಾಗಿ ಹಿಡಿಸುತ್ತದೆ. ಜಪಾನಿನಲ್ಲಿ ಗಂಡ ಹೆಂಡತಿ ನಾಲ್ಕು ಜನರ ಮುಂದೆ ಕೈ ಹಿಡಿದು ಓಡಾಡುವುದೇ ಕಡಿಮೆ. ಅಂಥ ಕಡೆ ಪರಿಚಯ ಇಲ್ಲದವರನ್ನು ಅಪ್ಪಿ ಹಿಡಿದು ಕುಣಿಯುವುದು ಅಂದರೆ ಜನ ಹುಬ್ಬೇರಿಸುತ್ತಿದ್ದರು. ಕಾನೂನೂ ಹಾಗೇ ಇತ್ತು. 1948ರಲ್ಲಿ ಬಂದ ಕಾಯ್ದೆಯೊಂದು ಡ್ಯಾನ್ಸ್ ಹಾಲ್‌ಗಳನ್ನೂ ಡ್ಯಾನ್ಸ್ ಶಾಲೆಗಳನ್ನೂ ಸಾರ್ವಜನಿಕ ನಡತೆ ಕೆಡಿಸಬಹುದಾದ ವ್ಯಾಪಾರಗಳ ಸಾಲಿನಲ್ಲಿ ಸೇರಿಸಿ, ಅವುಗಳ ಮೇಲೆ ಒಂದು ಕಣ್ಣಿಟ್ಟಿತ್ತು. ಸಿನಿಮಾ ಬಂದು ಎರಡು ವರ್ಷದ ಮೇಲೆ, 1998ರಲ್ಲಿ, ಅರ್ಹತೆ ಇರುವ ಶಿಕ್ಷಕರು ಕಲಿಸುವ ಶಾಲೆಗಳನ್ನು ಅದರಿಂದ ಹೊರಗಿಟ್ಟರು. ಡ್ಯಾನ್ಸ್ ಅನ್ನುವ ಮಾತನ್ನೇ ಆ ನಿಯಮದಿಂದ ತೆಗೆದ ತಿದ್ದುಪಡಿ ಆದದ್ದು 2015ರಲ್ಲಿ. ಆದ್ದರಿಂದ ಸುಗಿಯಾಮ ಆ ಶಾಲೆಯ ಮೆಟ್ಟಿಲು ಹತ್ತುವಾಗ ಆಚೆ ಈಚೆ ನೋಡುವುದು ನಗಿಸೋಕೆ ಮಾಡಿದ್ದಲ್ಲ. ಅವನ ಎದೆ ನಿಜವಾಗಿ ಹೊಡೆದುಕೊಳ್ಳುತ್ತಿದೆ.

ಈಗ ನೋಡುವ ಕ್ರಮ. ಮೊದಲ ಸಲ ಸುಮ್ನೆ ಕತೆಗಾಗಿ ನೋಡಿ, ನಗು ಬಂದರೆ ನಕ್ಕು, ಅಳು ಬಂದರೆ ಅತ್ತುಬಿಡಿ. ಎರಡನೇ ಸಲ ಮುಖ ಬಿಟ್ಟು ಕಾಲು ನೋಡಿ. ಮೇಜಿನ ಕೆಳಗೆ ಅವನ ಪಾದ ಅಲ್ಲಾಡುವ ಒಂದು ಶಾಟ್ ಇದೆ. ಮೇಲೆ ಅಕೌಂಟ್ಸ್ ಕೆಲಸ, ಕೆಳಗೆ ಶೂ ಹಾಕಿದ ಎರಡು ಕಾಲು ಮೆಲ್ಲಗೆ ಹೆಜ್ಜೆ ಹಾಕುತ್ತಿವೆ. ನನ್ನ ಪ್ರಕಾರ ಇಡೀ ಸಿನಿಮಾ ಆ ಮೇಜಿನ ಕೆಳಗಿದೆ. ಅಲ್ಲಿಯವರೆಗೆ ಅವನು ಬರುತ್ತಿದ್ದದ್ದು ಕಿಟಕಿಯ ಹೆಂಗಸಿಗಾಗಿ. ಊಟಕ್ಕೆ ಕರೆದಾಗ ಅವಳು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಡುತ್ತಾಳೆ, ನಾನು ಡ್ಯಾನ್ಸನ್ನು ಮನಸ್ಸಿಟ್ಟು ಮಾಡುವವಳು, ನನಗಾಗಿ ಬರುತ್ತಿದ್ದರೆ ಬರಬೇಡಿ ಅಂತ. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಬಿಡುತ್ತಿದ್ದರು. ಇವನು ಮತ್ತೆ ಬರುತ್ತಾನೆ. ಅಷ್ಟು ಹೊತ್ತಿಗೆ ಹೆಜ್ಜೆಯೇ ಅವನನ್ನು ಹಿಡಿದುಕೊಂಡಿದೆ.

ಹಾಗಾಗಿ ನೀವು ಯಾವ ಕಾರಣಕ್ಕೆ ಶುರು ಮಾಡಿದರೂ ಪರವಾಗಿಲ್ಲ. ತೂಕ ಇಳಿಸೋಕೆ ಇರಬಹುದು, ಸಂಜೆಯ ಬೇಸರಕ್ಕೆ ಇರಬಹುದು. ಅವನ ಜೊತೆ ಕಲಿಯುವ ದಪ್ಪಗಿನ ತನಾಕಾ, ಸಕ್ಕರೆ ಕಾಯಿಲೆಗೆ ವ್ಯಾಯಾಮ ಬೇಕು ಅಂತ ಬಂದವನು. ಕಾರಣ ಆಮೇಲೆ ತಾನಾಗಿ ಬದಲಾಗುತ್ತದೆ.

ಇನ್ನು ಎದ್ದು ನಿಲ್ಲಿ.

ನಮ್ಮ ಮನೆಯ ಹಾಲ್‌ನಲ್ಲಿ ಎರಡು ಅಡಿ ಎರಡು ಅಡಿಯ ಟೈಲ್ಸ್ ಇವೆ, ಈಗ ಬಹಳ ಮನೆಗಳಲ್ಲಿ ಅದೇ. ಒಂದು ಟೈಲ್ ಸಾಕು. ಟೀಪಾಯಿ ಪಕ್ಕಕ್ಕೆ ಸರಿಸಿ, ಕಾಲೊರೆಸುವ ಮ್ಯಾಟ್ ತೆಗೆದುಬಿಡಿ, ಅದು ಜಾರಿ ಬೀಳಿಸುತ್ತದೆ. ಬರೀ ಸಾಕ್ಸ್ ಹಾಕಿಕೊಂಡರೆ ಟೈಲ್ಸ್ ಮೇಲೆ ಬಹಳ ಜಾರುತ್ತದೆ, ಬರಿಗಾಲಿನಲ್ಲಿ ಪಾದ ತಿರುಗುವಾಗ ಹಿಡಿಯುತ್ತದೆ. ಚರ್ಮದ ತಳ ಇರುವ ಹಳೆಯ ಆಫೀಸ್ ಶೂ ಇದ್ದರೆ ಅದನ್ನೇ ಚೆನ್ನಾಗಿ ಒರೆಸಿ ಮನೆಯೊಳಗೆ ಹಾಕಿಕೊಳ್ಳಿ. ಚಪ್ಪಲಿ ಬೇಡವೇ ಬೇಡ, ಹಿಂದೆ ಹೆಜ್ಜೆ ಇಡುವಾಗ ಕಳಚಿಕೊಳ್ಳುತ್ತದೆ.

ಕಲಿಯಬೇಕಾದದ್ದು ಒಂದೇ, ಬಾಕ್ಸ್ ಸ್ಟೆಪ್. ನೆಲದ ಮೇಲೆ ಚೌಕ ಬರೆಯುವುದು, ಆರು ಎಣಿಕೆಯಲ್ಲಿ. ಟೈಲಿನ ನಿಮ್ಮ ಹತ್ತಿರದ ಎಡ ಮೂಲೆಯಲ್ಲಿ ಎರಡೂ ಪಾದ ಜೋಡಿಸಿ ನಿಲ್ಲಿ. ಒಂದು ಅಂದಾಗ ಎಡಗಾಲು ಮುಂದಕ್ಕೆ, ಟೈಲಿನ ಆಚೆ ಕಡೆಯ ಎಡ ಮೂಲೆಗೆ. ಎರಡು ಅಂದಾಗ ಬಲಗಾಲು ಎಡಗಾಲಿನ ಪಕ್ಕದಿಂದಲೇ ಹಾದು ಬಲ ಮೂಲೆಗೆ. ಮೂರಕ್ಕೆ ಎಡಗಾಲು ಬಂದು ಬಲಗಾಲಿಗೆ ಕೂಡಿಕೊಳ್ಳಬೇಕು. ಈಗ ಅರ್ಧ ಚೌಕ ಆಯಿತು. ನಾಲ್ಕಕ್ಕೆ ಬಲಗಾಲು ಹಿಂದಕ್ಕೆ, ಐದಕ್ಕೆ ಎಡಗಾಲು ಎಡ ಪಕ್ಕಕ್ಕೆ, ಆರಕ್ಕೆ ಬಲಗಾಲು ಬಂದು ಕೂಡಬೇಕು. ಹೊರಟ ಜಾಗಕ್ಕೇ ಬಂದಿರುತ್ತೀರಿ. ಎತ್ತರ ಕಡಿಮೆ ಇದ್ದವರು ಇಡೀ ಟೈಲ್ ಹಿಡಿಯಲು ಹೋಗಬೇಡಿ, ಒಂದೂವರೆ ಅಡಿಯ ಚೌಕ ಸಾಕು. ಇದು ಮುನ್ನಡೆಸುವವರ ಹೆಜ್ಜೆ. ಜೊತೆಯವರದ್ದು ಕನ್ನಡಿಯಲ್ಲಿ ಕಂಡ ಹಾಗೆ: ಬಲಗಾಲು ಹಿಂದಕ್ಕೆ, ಎಡಗಾಲು ಪಕ್ಕಕ್ಕೆ, ಬಲಗಾಲು ಕೂಡಬೇಕು, ಆಮೇಲೆ ಎಡಗಾಲು ಮುಂದಕ್ಕೆ, ಬಲಗಾಲು ಪಕ್ಕಕ್ಕೆ, ಎಡಗಾಲು ಕೂಡಬೇಕು.

ಇಲ್ಲಿ ಎಲ್ಲರೂ ಎಡವುವ ಜಾಗ ಮೂರನೇ ಎಣಿಕೆ. ಪಾದ ತಂದು ಪಕ್ಕದಲ್ಲಿ ಸುಮ್ನೆ ಮುಟ್ಟಿಸಿ ಬಿಡುತ್ತೇವೆ, ಭಾರ ಹಾಕುವುದಿಲ್ಲ. ಆಗ ನಾಲ್ಕಕ್ಕೆ ಯಾವ ಕಾಲು ಎತ್ತಬೇಕು ಅಂತಲೇ ತಿಳಿಯುವುದಿಲ್ಲ, ಎರಡು ಕಾಲೂ ಒಟ್ಟಿಗೆ ಹೊರಡುತ್ತವೆ. ಪ್ರತಿ ಎಣಿಕೆಗೂ ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಪೂರ್ತಿ ಹೋಗಲೇಬೇಕು. ಪರೀಕ್ಷೆ ಹೀಗೆ ಮಾಡಿ: ಮೂರಕ್ಕೆ ನಿಂತುಬಿಡಿ, ಬಲಗಾಲನ್ನು ನೆಲದಿಂದ ಒಂದು ಇಂಚು ಎತ್ತಿ. ಮೈ ಓಲಾಡದೆ ಎತ್ತಲು ಬಂದರೆ ಭಾರ ಎಡಗಾಲಿಗೆ ಬಂದಿದೆ ಅಂತ ಅರ್ಥ. ಓಲಾಡಿದರೆ ಇನ್ನೂ ಎರಡು ಕಾಲಿನ ಮಧ್ಯೆ ನಿಂತಿದ್ದೀರಿ. ನನಗೆ ಇದೊಂದೇ ಸರಿ ಆಗಲು ಒಂದು ವಾರ ಬೇಕಾಯಿತು.

ಎಣಿಸುವುದು ಹೇಗೆ? ಸಿನಿಮಾದಲ್ಲಿ ಅವರು ಅವರ ರೀತಿಯಲ್ಲಿ ಎಣಿಸುತ್ತಾರೆ, ನಮಗೆ ನಮ್ಮದೇ ಇದೆ. ವಾಲ್ಟ್ಸ್ ಮೂರರ ನಡೆ, ನಮ್ಮ ತಿಶ್ರ. ತಕಿಟ ತಕಿಟ ಅಂತ ಹೇಳಿಕೊಂಡರೆ ಬಾಯಿಗೇ ಸಿಗುತ್ತದೆ. ತಬಲಾ ಕೇಳಿ ಅಭ್ಯಾಸ ಇರುವವರಿಗೆ ಇನ್ನೂ ಸುಲಭ. ದಾದ್ರಾ ತಾಳ ಆರು ಮಾತ್ರೆ, ಮೂರು ಮೂರಾಗಿ ಒಡೆದದ್ದು, ನಮ್ಮ ಬಾಕ್ಸ್ ಸ್ಟೆಪ್ ಕೂಡ ಹಾಗೇ. ಧಾ ಧಿನ್ ನಾ ಅಂದಾಗ ಮುಂದಿನ ಅರ್ಧ ಚೌಕ, ಧಾ ತಿನ್ ನಾ ಅಂದಾಗ ಹಿಂದಿನ ಅರ್ಧ. ಸಮ್, ಅಂದರೆ ಮೊದಲ ಮಾತ್ರೆ, ಬಿದ್ದಾಗ ಕಾಲು ಮುಂದಕ್ಕೆ, ಖಾಲಿಗೆ, ಅಂದರೆ ನಾಲ್ಕನೆಯದಕ್ಕೆ, ಕಾಲು ಹಿಂದಕ್ಕೆ. ಇದು ನನಗೆ ಹೊಳೆದ ದಿನದಿಂದ ಎಣಿಕೆ ತಪ್ಪಲೇ ಇಲ್ಲ. ಒಂದು ಎಚ್ಚರಿಕೆ ಮಾತ್ರ ಬೇಕು: ವಾಲ್ಟ್ಸ್‌ನಲ್ಲಿ ಪ್ರತಿ ಮೂರರ ಮೊದಲ ಎಣಿಕೆಗೂ ಒತ್ತು ಇದೆ, ಆದ್ದರಿಂದ ನಾಲ್ಕನೆಯದನ್ನು ಮೆತ್ತಗೆ ಮಾಡಬೇಡಿ.

ವೇಗ ನಿಧಾನ ಇರಲಿ. ಸ್ಪರ್ಧೆಗಳಲ್ಲಿ ಸ್ಲೋ ವಾಲ್ಟ್ಸ್ ನಿಮಿಷಕ್ಕೆ 28ರಿಂದ 30 ಬಾರ್, ಒಂದು ಬಾರ್‌ಗೆ ಮೂರು ಎಣಿಕೆ, ಅಂದರೆ 84ರಿಂದ 90 ಎಣಿಕೆ. ಫೋನಿನಲ್ಲಿ ಮೆಟ್ರೊನೋಮ್, ಅಂದರೆ ಎಣಿಕೆಗೆ ತಕ್ಕ ಹಾಗೆ ಟಿಕ್ ಟಿಕ್ ಅನ್ನುವ ಆ್ಯಪ್, ಹಾಕಿ 60ರಿಂದ ಶುರು ಮಾಡಿ. 60ರಲ್ಲಿ ಹತ್ತು ಚೌಕ ತಪ್ಪದೆ ಬಂದರೆ 70, ಆಮೇಲೆ 84. ವಿಯೆನ್ನೀಸ್ ವಾಲ್ಟ್ಸ್ ಅಂತ ಇನ್ನೊಂದಿದೆ, ಅದರ ಓಟ ಇದರ ಎರಡರಷ್ಟು, ಅದರ ಹಾಡು ಹಾಕಿಕೊಂಡು ಒದ್ದಾಡಬೇಡಿ.

ಆಮೇಲೆ ಏರಿಳಿತ. ಸಿನಿಮಾದಲ್ಲಿ ಚೆನ್ನಾಗಿ ಬರುವವರು ತೇಲಿದ ಹಾಗೆ ಕಾಣುತ್ತಾರಲ್ಲ, ಅದರ ಗುಟ್ಟು ಇದು. ಒಂದಕ್ಕೆ ಹಿಮ್ಮಡಿ ಮೊದಲು ನೆಲ ಮುಟ್ಟಬೇಕು, ಮಂಡಿ ಸ್ವಲ್ಪ ಮಡಚಿರಬೇಕು. ಒಂದರ ಕೊನೆಯಿಂದ ಮೇಲೇಳಲು ಶುರು, ಎರಡು ಮೂರರಲ್ಲಿ ಮುಂಗಾಲ ಮೇಲೆ, ಮೂರು ಮುಗಿಯುವಾಗ ಮೆಲ್ಲಗೆ ಕೆಳಗೆ. ಧಪ್ ಅಂತ ಇಳಿದರೆ ಕೆಳಗಿನ ಮನೆಯವರು ಬೆಲ್ ಮಾಡುತ್ತಾರೆ, ಮೆತ್ತಗೆ ಇಳಿದರೆ ನಿಮ್ಮ ಮಂಡಿಗೂ ಒಳ್ಳೆಯದು. ಮಂಡಿ ನೋವು ಇರುವವರು ಈ ಏರಿಳಿತ ಪೂರ್ತಿ ಬಿಡಿ. ಚೌಕ ಒಂದೇ ಸಾಕು, ಅದೂ ವಾಲ್ಟ್ಸೇ.

ಜಾಗ ಇಲ್ಲ, ಹೊತ್ತಿಲ್ಲ ಅನ್ನುವವರಿಗೆ ಸುಗಿಯಾಮನನ್ನೇ ತೋರಿಸುತ್ತೇನೆ. ಅವನು ರೈಲ್ವೆ ಪ್ಲಾಟ್‌ಫಾರಂ ಮೇಲೂ ಅಭ್ಯಾಸ ಮಾಡುತ್ತಾನೆ. ಕುಕ್ಕರ್ ಮೂರು ಸೀಟಿ ಕೂಗುವಷ್ಟು ಹೊತ್ತು ಸಿಕ್ಕರೆ ಮೂವತ್ತು ಚೌಕ ಆರಾಮಾಗಿ ಆಗುತ್ತದೆ. ದಿನಾ ಹತ್ತು ನಿಮಿಷ, ವಾರಕ್ಕೊಂದು ದಿನ ಒಂದು ಗಂಟೆಗಿಂತ ಎಷ್ಟೋ ಮೇಲು. ಕಾಲಿಗೆ ನೆನಪು ಉಳಿಯುವುದು ಹಾಗೆ.

ಕಾಲು ಒಂದು ಹದಕ್ಕೆ ಬಂದ ಮೇಲೆ ಜೊತೆಗಾರರ ವಿಷಯ. ಹಿಡಿತ ಹೀಗೆ. ಮುನ್ನಡೆಸುವವರ ಎಡಗೈಯಲ್ಲಿ ಜೊತೆಯವರ ಬಲಗೈ, ಎತ್ತರ ಸುಮಾರು ಜೊತೆಯವರ ಕಣ್ಣಿನ ಮಟ್ಟ. ಮುನ್ನಡೆಸುವವರ ಬಲಗೈ ಜೊತೆಯವರ ಎಡ ಬೆನ್ನಿನ ಹಲಗೆ ಮೂಳೆಯ ಮೇಲೆ. ಸೊಂಟದ ಮೇಲಲ್ಲ! ಸಿನಿಮಾಗಳಲ್ಲಿ ಸೊಂಟ ಹಿಡಿಯುವುದು ನೋಡಿ ನೋಡಿ ಎಲ್ಲರೂ ಅದನ್ನೇ ಮಾಡುತ್ತಾರೆ. ಜೊತೆಯವರ ಎಡಗೈ ಮುನ್ನಡೆಸುವವರ ಬಲ ತೋಳಿನ ಮೇಲೆ. ಇಬ್ಬರ ಮೊಣಕೈಯೂ ಇಳಿಬೀಳಬಾರದು. ನೇರ ಎದುರಿಗೆ ನಿಲ್ಲದೆ ಜೊತೆಯವರು ಮುನ್ನಡೆಸುವವರ ಬಲಕ್ಕೆ ಒಂದಿಷ್ಟು ಸರಿದು ನಿಂತರೆ ಕಾಲಿಗೆ ಕಾಲು ಸಿಕ್ಕುವುದಿಲ್ಲ. ನೋಟ ಇಬ್ಬರದ್ದೂ ಎದುರಿನವರ ಬಲ ಭುಜದ ಮೇಲಿಂದ ಆಚೆಗೆ. ನೆಲ ನೋಡಬೇಡಿ. ನೆಲ ನೋಡಿದ ತಕ್ಷಣ ತಲೆಯ ಭಾರ ಮುಂದಕ್ಕೆ ಬಂದು ಎದುರಿನವರನ್ನು ತಳ್ಳುತ್ತದೆ.

ಮುನ್ನಡೆಸುವುದು ಅಂದರೆ ಎಳೆದಾಡುವುದಲ್ಲ. ಇದಕ್ಕೆ ಮಾಯಿಯ ಕತೆ ನೋಡಿ. ಅವಳು ಇಂಗ್ಲೆಂಡಿನ ಬ್ಲ್ಯಾಕ್‌ಪೂಲ್‌ನಲ್ಲಿ ಸ್ಪರ್ಧೆಗೆ ಇಳಿದು ಬಿದ್ದವಳು. ಆ ಊರಿನ ಡ್ಯಾನ್ಸ್ ಹಬ್ಬ 1920ರಿಂದ ನಡೆಯುತ್ತಿದೆ, ಬಾಲ್‌ರೂಂ, ಅಂದರೆ ವಾಲ್ಟ್ಸ್‌ನಂಥ ಜೋಡಿ ಡ್ಯಾನ್ಸ್, ಕಲಿತವರಿಗೆಲ್ಲ ಅದೊಂದು ಕ್ಷೇತ್ರ ಇದ್ದ ಹಾಗೆ. ಅಲ್ಲಿ ಬಿದ್ದ ನೋವು ಅವಳನ್ನು ವರ್ಷಗಟ್ಟಲೆ ಕಿಟಕಿಯಲ್ಲಿ ನಿಲ್ಲಿಸಿದೆ. ತಾನು ಜೊತೆಗಾರನನ್ನು ನಂಬದೆ ಒಬ್ಬಳೇ ಕುಣಿಯುತ್ತಿದ್ದೆ ಅಂತ ಅವಳಿಗೆ ಅರ್ಥವಾಗುವುದು ಈ ಬಾರದವರಿಗೆ ಪಾಠ ಹೇಳಿಕೊಡುತ್ತಾ ಹೇಳಿಕೊಡುತ್ತಾ. ಅಷ್ಟು ದೊಡ್ಡ ಕಲಾವಿದೆಗೇ ಅದು ಕೊನೆಗೆ ಹೊಳೆದದ್ದು. ಹಾಗಾಗಿ ನೀವು ಕಾಲಿಗಿಂತ ಮೊದಲು ಎದೆ ಸರಿಸಿ. ಮುಂದೆ ಹೋಗುವ ಮುಂಚೆ ನಿಮ್ಮ ಮೈ ಒಂದು ಕೂದಲೆಳೆಯಷ್ಟು ಮುಂದೆ ವಾಲುತ್ತದೆ, ಎದುರಿನವರಿಗೆ ಅದು ತೋಳಿನಿಂದ ತಿಳಿಯುತ್ತದೆ, ಅವರು ಹಿಂದೆ ಜಾಗ ಕೊಡುತ್ತಾರೆ. ಮಾತು ಬೇಡ. ಇಬ್ಬರೂ ಕಣ್ಣು ಮುಚ್ಚಿ ನಿಂತು, ಭಾರವನ್ನು ಎಡಕ್ಕೆ ಬಲಕ್ಕೆ ಎರಡು ನಿಮಿಷ ಸುಮ್ನೆ ತೂಗಿ ನೋಡಿ, ಯಾವ ಕಾಲಿನ ಮೇಲೆ ನಿಂತಿದ್ದಾರೆ ಅಂತ ಹೇಳದೆ ಗೊತ್ತಾಗಲು ಶುರುವಾಗುತ್ತದೆ. ನನಗೆ ಇಡೀ ಕಲಿಕೆಯಲ್ಲಿ ಅತ್ಯಂತ ಇಷ್ಟವಾದ ಎರಡು ನಿಮಿಷ ಅದು.

ಜೊತೆಗೆ ಯಾರನ್ನು ಕರೆಯುವುದು? ಮನೆಯವರಿದ್ದರೆ ಮನೆಯವರನ್ನೇ ಮೊದಲು ಕೇಳಿ. ಇದನ್ನು ಒತ್ತಿ ಹೇಳುತ್ತೇನೆ. ಸುಗಿಯಾಮ ಮಾಡಿದ ತಪ್ಪು ಇದೊಂದೇ. ಅವನ ಹೆಂಡತಿ ಮಸಾಕೊಗೆ ಶರ್ಟಿನಲ್ಲಿ ಸೆಂಟಿನ ವಾಸನೆ ಬರುತ್ತದೆ, ಗಂಡ ತಡವಾಗಿ ಬರುತ್ತಾನೆ, ಆದರೆ ಮುಖದಲ್ಲಿ ಮುಂಚೆ ಇಲ್ಲದ ಗೆಲುವು ಕಾಣುತ್ತದೆ. ಅವಳು ಯಾರನ್ನು ಕೇಳಬೇಕು? ಕೊನೆಗೆ ಪತ್ತೇದಾರನ ಹತ್ತಿರ ಹೋಗುತ್ತಾಳೆ. ಆ ಪತ್ತೇದಾರ ಹೇಳಿದ ಮೇಲೆ ತಾಯಿ ಮಗಳು ಅವನು ಕುಣಿಯುವ ಸ್ಪರ್ಧೆ ನೋಡಲು ಬಂದು ಕೂರುತ್ತಾರೆ. ಜನರ ಮಧ್ಯದಿಂದ ಮಗಳು ಅಪ್ಪಾ ಅಂತ ಕೂಗಿದ್ದೇ ತಡ, ಇವನ ಹೆಜ್ಜೆ ತಪ್ಪಿ, ಜೊತೆಗಾತಿ ತೊಯೊಕೊಳ ಲಂಗ ಹರಿದು, ಎಲ್ಲ ಮುಗಿದುಹೋಗುತ್ತದೆ. ಮಸಾಕೊಗೆ ನೋವಾದದ್ದು ಗಂಡ ಕುಣಿದ ಅಂತ ಅಲ್ಲ, ಅವನ ಈ ಸಂತೋಷದಲ್ಲಿ ತನಗೆ ಪಾಲೇ ಇರಲಿಲ್ಲ ಅಂತ. ಆಮೇಲೆ ಮನೆಯ ಅಂಗಳದಲ್ಲಿ ಮಗಳು ಹಟ ಹಿಡಿದು ಇಬ್ಬರನ್ನೂ ಎದುರು ಬದುರು ನಿಲ್ಲಿಸುವ ದೃಶ್ಯ ಇದೆ. ಸ್ಪರ್ಧೆಯ ದೀಪ, ಬಟ್ಟೆ ಏನೂ ಇಲ್ಲ. ನಾನು ಮೂರು ಸಲ ನೋಡಿದ್ದೇನೆ, ಮೂರು ಸಲವೂ ಅಲ್ಲಿ ಕಣ್ಣು ತುಂಬಿತು.

ನಾನು ನನ್ನ ಹೆಂಡತಿಯನ್ನು ಕೇಳಿದ್ದು ಒಂದು ಭಾನುವಾರ ಸಂಜೆ, ಕಾಫಿ ಕುಡಿದಾದ ಮೇಲೆ. ಹದಿನೈದು ದಿನದಿಂದ ಒಬ್ಬನೇ ಚೌಕ ಹಾಕುತ್ತಿದ್ದದ್ದು ಅವಳಿಗೆ ಗೊತ್ತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನಿಂತಳು. ಮೊದಲ ಐದು ನಿಮಿಷ ಇಬ್ಬರೂ ಮುನ್ನಡೆಸುತ್ತಿದ್ದೆವು. ಆಮೇಲೆ ಅವಳೇ, “ರೀ, ಎಣಿಸೋದು ನಿಲ್ಲಿಸಿ, ನಿಮ್ಮ ಕೈ ಹೇಳ್ತಾ ಇದೆ, ನನಗೆ ಗೊತ್ತಾಗ್ತಾ ಇದೆ” ಅಂದಳು. ಸೀರೆಯಲ್ಲಿ ಹಿಂದೆ ಹೆಜ್ಜೆ ಇಡುವುದು ಕಷ್ಟ, ನೆರಿಗೆ ಹಿಮ್ಮಡಿಗೆ ಸಿಕ್ಕುತ್ತದೆ, ಚೂಡಿದಾರ್ ವಾಸಿ.

ಮನೆಯಲ್ಲಿ ಯಾರೂ ಇಲ್ಲದಿದ್ದರೆ, ಅಥವಾ ಅವರಿಗೆ ಮನಸ್ಸಿಲ್ಲದಿದ್ದರೆ ಬಲವಂತ ಬೇಡ. ಕ್ಲಾಸಿಗೆ ಸೇರಿ. ಸೇರುವಾಗ ಗುಂಪಿನ ಕ್ಲಾಸನ್ನೇ ಆರಿಸಿಕೊಳ್ಳಿ, ಖರ್ಚು ಕಡಿಮೆ ಅನ್ನುವುದಕ್ಕಷ್ಟೇ ಅಲ್ಲ. ಸುಗಿಯಾಮನೂ ಗುಂಪಿನಲ್ಲೇ ಕಲಿತದ್ದು, ಅವನಿಗೆ ಪಾಠ ಹೇಳಿದ್ದು ಕಿಟಕಿಯ ಮಾಯಿಯಲ್ಲ, ವಯಸ್ಸಾದ ತಮಾಕೊ ಮೇಡಂ. ಆ ತಾಳ್ಮೆ ನೋಡಿ. ನಿಮಗೂ ಅಂಥ ಟೀಚರ್ ಬೇಕು. ಒಂದು ಕ್ಲಾಸ್ ಕೂತು ನೋಡುತ್ತೇನೆ ಅಂತ ಕೇಳಿ. ಬಾರದವರು ತಪ್ಪಿದಾಗ ಟೀಚರ್ ಹತ್ತಿರ ಬರುತ್ತಾರೋ, ಚೆನ್ನಾಗಿ ಬರುವವರ ಜೊತೆಯೇ ಇರುತ್ತಾರೋ ಅದನ್ನು ಗಮನಿಸಿ. ನಾನು ಮೊದಲು ಹೋದ ಕಡೆ ಮದುವೆ ರಿಸೆಪ್ಷನ್‌ಗೆ ಒಂದು ಹಾಡು ತಯಾರು ಮಾಡಿಕೊಡುವುದೇ ಕೆಲಸವಾಗಿತ್ತು, ಭಾರ ಹಾಕುವುದನ್ನು ಯಾರೂ ಹೇಳಲೇ ಇಲ್ಲ. ಎರಡು ವಾರಕ್ಕೆ ಬಿಟ್ಟೆ.

ಯಾರಾದರೂ ನಗುತ್ತಾರೆ, ಅದು ಖಂಡಿತ. ಸಿನಿಮಾದಲ್ಲಿ ಅವೊಕಿ ಅಂತ ಸುಗಿಯಾಮನ ಸಹೋದ್ಯೋಗಿ ಇದ್ದಾನೆ, ಆಫೀಸಿನಲ್ಲಿ ಯಾರಿಗೂ ಬೇಡವಾದವನು, ಡ್ಯಾನ್ಸ್ ಶಾಲೆಗೆ ಬಂದರೆ ವಿಗ್ ಹಾಕಿಕೊಂಡು ರುಂಬಾ ಅನ್ನುವ ಡ್ಯಾನ್ಸಿನ ರಾಜ. ಅವನ ಗುಟ್ಟು ಆಫೀಸಿನಲ್ಲಿ ಬಯಲಾಗಿ ಎಲ್ಲರೂ ಆಡಿಕೊಳ್ಳುವಾಗ ಸುಮ್ಮನಿದ್ದ ಸುಗಿಯಾಮ ಎದ್ದು ಅವರ ಬಾಯಿ ಮುಚ್ಚಿಸುತ್ತಾನೆ. ನಿಮ್ಮ ಗುಂಪಿನಲ್ಲೂ ಒಬ್ಬ ಅವೊಕಿ ಇರುತ್ತಾನೆ. ಅವನ ಜೊತೆ ಸ್ನೇಹ ಮಾಡಿ, ನಿಮಗಿಂತ ಹೆಚ್ಚು ವರ್ಷದಿಂದ ಕಲಿಯುತ್ತಿರುವವನು ಅವನು.

ಚೌಕ ಕೈವಶವಾದ ಮೇಲೆ ಅದನ್ನೇ ತಿರುಗಿಸುವುದು ಮುಂದಿನ ಹೆಜ್ಜೆ. ಪ್ರತಿ ಮೂರು ಎಣಿಕೆಗೆ ಎಡಕ್ಕೆ ಕಾಲು ಸುತ್ತು ತಿರುಗಿ. ಮೊದಲು ಕಿಟಕಿಗೆ ಮುಖ ಮಾಡಿ ನಿಂತಿದ್ದರೆ, ಮೂರಾದ ಮೇಲೆ ಎಡಗಡೆ ಗೋಡೆಗೆ, ಆರಕ್ಕೆ ಕಿಟಕಿಗೆ ಬೆನ್ನು, ಒಂಬತ್ತಕ್ಕೆ ಬಲಗಡೆ ಗೋಡೆ, ಹನ್ನೆರಡಕ್ಕೆ ಮತ್ತೆ ಕಿಟಕಿ. ತಿರುಗುವಾಗ ಪಾದ ಮೊದಲು ಅಲ್ಲ, ಎದೆ ಮೊದಲು. ತಲೆ ಸುತ್ತಿದರೆ ನಿಂತು ನೀರು ಕುಡಿಯಿರಿ. ನಾಲ್ಕಾರು ಜೋಡಿ ಸೇರಿ ಕುಣಿಯುವ ಜಾಗಕ್ಕೆ ಹೋದರೆ ಎಲ್ಲರೂ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತು ಬರುತ್ತಾರೆ, ದೇವಸ್ಥಾನದ ಪ್ರದಕ್ಷಿಣೆಗೆ ಉಲ್ಟಾ. ಅದನ್ನು ಮೊದಲೇ ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ಡಿಕ್ಕಿ.

ಅಷ್ಟು ಹೊತ್ತಿಗೆ ಹಾಲ್ ಸಾಲದೆ ಬರುತ್ತದೆ. ನಾವು ಈಗ ಟೆರೇಸಿಗೆ ಹೋಗುತ್ತೇವೆ, ರಾತ್ರಿ ಊಟವಾದ ಮೇಲೆ, ಬಟ್ಟೆ ಒಣ ಹಾಕುವ ತಂತಿ ಬಿಚ್ಚಿಟ್ಟು. ಸಿಮೆಂಟ್ ನೆಲ, ಪಾದ ಅಷ್ಟು ಸಲೀಸಾಗಿ ತಿರುಗುವುದಿಲ್ಲ, ಅದಕ್ಕೆ ತಳ ಸವೆದ ಹಳೆಯ ಶೂ ಬೇಕು. ಫೋನ್ ನೀರಿನ ಟ್ಯಾಂಕಿನ ಮೇಲೆ ಇಟ್ಟು 84ಕ್ಕೆ ಹಾಕಿ, ಎಡಗಾಲಿನಿಂದ ಶುರು ಮಾಡಿ.